ಕ್ಲಚ್ ಮೇಷ್ಟ್ರ ಮೂರನೆಯ ದನಿ

ಡ್ರೈವಿಂಗ್ ಶಾಲೆಯಲ್ಲಿ ಅವರನ್ನು ಎಲ್ಲರೂ ಕ್ಲಚ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಇದ್ದ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಕಲಿಯಲು ಬಂದವರ ಕೈಗೆ ಜೀವ ಕೊಟ್ಟು ಊರೆಲ್ಲ ಸುತ್ತಿದವರು. "ಕ್ಲಚ್ ನಿಧಾನಕ್ಕೆ ಬಿಡಿ, ಅದೇನು ನಿಮ್ಮನ್ನ ಬಿಟ್ಟು ಓಡಿಹೋಗಲ್ಲ" ಎಂಬ ಮಾತು ಕೇಳದೆ ಆ ಊರಿನಲ್ಲಿ ಲೈಸೆನ್ಸ್ ಪಡೆದವರು ಕಡಿಮೆ. ದಪ್ಪ ದನಿ, ಸ್ವಲ್ಪ ಗೊಗ್ಗರು. ಬೈದರೂ ಬೈದಂತೆ ಕೇಳಿಸುತ್ತಿರಲಿಲ್ಲ.

ಆ ಗೊಗ್ಗರು ಒಂದು ವರ್ಷದಲ್ಲಿ ಹೆಚ್ಚುತ್ತಾ ಬಂತು. ಮೊದಲು ಶೀತ ಎಂದುಕೊಂಡರು, ಆಮೇಲೆ ರಸ್ತೆಯ ಧೂಳು ಎಂದರು. ಕೊನೆಗೆ ಡಾಕ್ಟರು ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು.

"ತೆಗೆದ ಮೇಲೆ ಮಾತು?" ಎಂದು ಹೆಂಡತಿ ಕೇಳಿದರು.

"ಮಾತು ಹೋಗುತ್ತೆ ಅಮ್ಮ. ಜೀವ ಉಳಿಯುತ್ತೆ."

ಆಪರೇಷನ್ನಿಗೆ ಮೂರು ವಾರ ಇತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಗಳು ಒಂದು ಆ್ಯಪ್ ಹುಡುಕಿ ತಂದಳು. ಸಾವಿರದ ಇನ್ನೂರು ವಾಕ್ಯ ಓದಿಕೊಟ್ಟರೆ ಕಂಪನಿಯವರು ಅಪ್ಪನದೇ ದನಿ ತಯಾರಿಸಿ ಕೊಡುತ್ತಾರೆ. ಆಮೇಲೆ ಏನು ಟೈಪ್ ಮಾಡಿದರೂ ಫೋನು ಆ ದನಿಯಲ್ಲಿ ಮಾತಾಡುತ್ತದೆ. ಮನೆಯಲ್ಲಿ ಸದ್ದು ಜಾಸ್ತಿ ಎಂದು ಶಾಲೆಯ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಗಾಜು ಏರಿಸಿ, ಬೆವರು ಸುರಿಸುತ್ತಾ ಅಪ್ಪ ಮಗಳು ಕೂರುತ್ತಿದ್ದರು.

"ನೀಲಿ ಕೊಡೆಯನ್ನು ಯಾರು ತಂದರು?" ಎಂದು ಮೇಷ್ಟ್ರು ಓದಿ, "ನಾನಂತೂ ತರಲಿಲ್ಲಪ್ಪ" ಎನ್ನುತ್ತಿದ್ದರು. ಮಗಳು ಹಣೆ ಚಚ್ಚಿಕೊಂಡು ಅದೇ ವಾಕ್ಯವನ್ನು ಮತ್ತೆ ಓದಿಸುತ್ತಿದ್ದಳು.

ಆಪರೇಷನ್ ಆಯಿತು. ಉಸಿರಾಟಕ್ಕೆ ಕತ್ತಿನಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಹತ್ತು ದಿನದ ಮೇಲೆ ಫೋನು ಕೈಗೆ ಕೊಟ್ಟಾಗ ಅವರು ಹೆಂಡತಿಯ ಮುಖ ನೋಡಿ ಟೈಪ್ ಮಾಡಿದರು. "ಅಳಬೇಡ, ಮೂಗು ಕೆಂಪಗಾಗುತ್ತೆ." ಅದೇ ದಪ್ಪ ದನಿ, ಅದೇ ಗೊಗ್ಗರು. ಹೆಂಡತಿ ಇನ್ನಷ್ಟು ಅತ್ತರು. ಕ್ರಮೇಣ ಮನೆ ಮೊದಲಿನಂತಾಯಿತು. ಅವರು ಹೊರಗಿನ ಕೋಣೆಯಲ್ಲಿ ಬೆರಳಾಡಿಸಿದರೆ ಆಕೆ ಒಳಗಿನಿಂದಲೇ "ಬಂದೆ ರೀ" ಎನ್ನುತ್ತಿದ್ದರು. ಶಾಲೆಯ ಮಾಲೀಕರು ರಸ್ತೆ ಚಿಹ್ನೆಗಳ ಪಾಠವನ್ನು ಅವರಿಗೇ ಬಿಟ್ಟುಕೊಟ್ಟರು.

ಇದು ನಡೆದದ್ದು ಒಂದೂಮುಕ್ಕಾಲು ವರ್ಷ. ಒಂದು ಬೆಳಿಗ್ಗೆ "ಟೀ ಆಯ್ತಾ?" ಎಂದು ಟೈಪ್ ಮಾಡಿದರೆ ಫೋನು ಮಾತಾಡಲಿಲ್ಲ. ಪರದೆಯ ಮೇಲೆ ನಗುವ ಮುಖದ ಚಿತ್ರ, ಕೆಳಗೆ ಎರಡು ಸಾಲು: ಈ ಸೇವೆ ಕೊನೆಗೊಂಡಿದೆ. ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದಗಳು.

ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತ್ತು. ಕೊಂಡವರಿಗೆ ಬೇಕಿದ್ದದ್ದು ಅಲ್ಲಿನ ಎಂಜಿನಿಯರುಗಳು, ಆ್ಯಪ್ ಅಲ್ಲ. ಮುನ್ಸೂಚನೆಯ ಇಮೇಲ್ ಎರಡು ಸಲ ಬಂದು ಜಾಹೀರಾತುಗಳ ರಾಶಿಯಲ್ಲಿ ಮುಚ್ಚಿಹೋಗಿತ್ತು. ಮಗಳು ಕಂಪನಿಗೆ ಬರೆದಳು. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಮೂರು ಸಲ ಉತ್ತರ ಬಂತು. ನಾಲ್ಕನೆಯದನ್ನು ಮನುಷ್ಯರು ಬರೆದಿದ್ದರು: ನಿಯಮದಂತೆ ಎಲ್ಲವನ್ನೂ ಅಳಿಸಲಾಗಿದೆ. ಓದಿದ ವಾಕ್ಯಗಳು ನೇರವಾಗಿ ಕಂಪನಿಗೇ ಹೋಗಿದ್ದವು. ಫೋನಿನಲ್ಲಿ ಒಂದೂ ಉಳಿದಿರಲಿಲ್ಲ.

"ಒಪ್ಪಿಗೆ ಅಂತ ಒತ್ತಿದವಳು ನಾನೇ ಅಪ್ಪ. ಏನು ಬರೆದಿದೆ ಅಂತ ಓದಲೇ ಇಲ್ಲ" ಎಂದಳು ಮಗಳು.

ಮೇಷ್ಟ್ರು ಚೀಟಿಯಲ್ಲಿ ಬರೆದರು: "ನೀನು ಒತ್ತದಿದ್ದರೆ ಈ ದನಿ ಇಷ್ಟು ದಿನವೂ ಇರ್ತಿರಲಿಲ್ಲ." ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಗಂಟಲು ಕೊಯ್ದ ಡಾಕ್ಟರಾದರೂ ಮೊದಲೇ ಹೇಳಿ ಕೊಯ್ದರು."

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಮೇಷ್ಟ್ರ ಫೋನಿಗೆ ಬೇರೊಂದು ಆ್ಯಪ್ ಹಾಕಿಕೊಟ್ಟರು. ಬೂದು ಬಣ್ಣದ್ದು, ಚಿತ್ರವಿಲ್ಲ, ಚಂದವಿಲ್ಲ.

"ಇದನ್ನ ಓಪನ್ ಸೋರ್ಸ್ ಅಂತಾರೆ. ಒಳಗೆ ಏನು ಬರೆದಿದ್ದಾರೋ ಎಲ್ಲ ಬಹಿರಂಗ, ಗೊತ್ತಿದ್ದೋರು ಯಾರು ಬೇಕಾದ್ರೂ ನೋಡಿ ತಿದ್ದಬಹುದು. ಇಂಟರ್ನೆಟ್ಟೂ ಬೇಡ. ಮಾಡಿದೋರು ನಾಳೆ ಕೈಬಿಟ್ರೂ ನಿಮ್ಮ ಫೋನಲ್ಲಿರೋದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ."

"ದನಿ?" ಎಂದಳು ಮಗಳು.

"ದನಿ ಇದೊಂದೇ. ಚೆನ್ನಾಗಿಲ್ಲ, ನಂಗೂ ಗೊತ್ತು."

ಲಿಫ್ಟಿನಲ್ಲಿ ಮಹಡಿ ಎಣಿಸುವಂಥ ದನಿ ಅದು. ಮನೆಗೆ ಬಂದ ದಿನವೇ ಹೆಂಡತಿ ಬಾಗಿಲಲ್ಲಿ ನಿಂತು "ಒಂದು ಮಾತು ಕೇಳ್ಲಾ?" ಎಂದರು. ಮೇಷ್ಟ್ರು "ಹೇಳು" ಎಂದು ಟೈಪ್ ಮಾಡಿದರು. ಯಂತ್ರಕ್ಕೆ ಳಕಾರ ಬರುತ್ತಿರಲಿಲ್ಲ. "ಹೇಲು" ಎಂದಿತು, ಸ್ಪಷ್ಟವಾಗಿ, ಗಂಭೀರವಾಗಿ.

ಮಗಳು ನೆಲಕ್ಕೆ ಕುಸಿದು ನಕ್ಕಳು. ಮೇಷ್ಟ್ರು ಮೈಯೆಲ್ಲ ಕುಲುಕಿಸಿ ನಕ್ಕರು. ಸದ್ದಿಲ್ಲ, ಕತ್ತಿನ ಬಟ್ಟೆ ಮಾತ್ರ ಪಟಪಟ ಬಡಿದುಕೊಂಡಿತು. ಹೆಂಡತಿ ನಗಲಿಲ್ಲ.

"ಅದನ್ನ ಆಚೆ ಇಡಿ. ಏನಿದ್ರೂ ಚೀಟೀಲಿ ಬರೀರಿ. ಯಾರೋ ಮನೆಗೆ ಬಂದು ಕೂತ ಹಾಗಿದೆ."

ಆವತ್ತಿನಿಂದ ಆಕೆ ಆ ದನಿಗೆ ಓಗೊಡಲಿಲ್ಲ. ಫೋನು ಮಾತಾಡಿದರೆ ಎದ್ದು ಒಳಗೆ ಹೋಗುತ್ತಿದ್ದರು.

ಆ್ಯಪ್ ಮಾಡಿದವರಿಗೆ ಮಗಳು ಪತ್ರ ಬರೆದಳು. ನಾಲ್ಕೇ ದಿನಕ್ಕೆ ಉತ್ತರ ಬಂತು. ಯಾವುದೋ ದೂರದ ಶಾಲೆಯ ಲೆಕ್ಕದ ಟೀಚರ್. ಭಾನುವಾರಗಳಲ್ಲಿ ಈ ಕೆಲಸ ಮಾಡುತ್ತಿದ್ದವರು. "ನಿಮ್ಮ ತಂದೆಯವರಿಗೆ ಆದ ಮುಜುಗರಕ್ಕೆ ಕ್ಷಮೆ ಇರಲಿ, ಳಕಾರ ಸರಿಮಾಡಿದ್ದೇನೆ" ಎಂದಿದ್ದರು. ಅಪ್ಪನ ದನಿಯನ್ನೇ ಅದಕ್ಕೆ ಕೂಡಿಸಬಹುದೇ ಎಂದು ಕೇಳಿದಾಗ, ಒಂದು ಗಂಟೆಯಷ್ಟು ಹಳೆಯ ರೆಕಾರ್ಡಿಂಗ್ ಇದ್ದರೆ ಪ್ರಯತ್ನಿಸೋಣ ಎಂದರು. ಮನೆಯವರು, ನೆಂಟರು, ಹಳೆಯ ವಿದ್ಯಾರ್ಥಿಗಳು ಎಲ್ಲರ ಫೋನೂ ತಡಕಾಡಿದ್ದಾಯಿತು. ಯಾವಾಗಲೂ ವಿಡಿಯೊ ತೆಗೆಯುತ್ತಿದ್ದವರೇ ಮೇಷ್ಟ್ರು, ಅದರೊಳಗೆ ಅವರಿರಲಿಲ್ಲ. ಸಿಕ್ಕಿದ್ದು ನಲವತ್ತು ಸೆಕೆಂಡು, ಅದೂ ಬರೀ "ಬ್ರೇಕ್, ಬ್ರೇಕ್". ಇಷ್ಟರಿಂದ ಏನೂ ಆಗದು ಎಂದು ಟೀಚರ್ ನೊಂದುಕೊಂಡು ಬರೆದರು.

ರಸ್ತೆ ಚಿಹ್ನೆಗಳ ಪಾಠದಲ್ಲಿ ಈ ದನಿ ಕೇಳಿ ಹುಡುಗಿಯರು ಬಾಯಿಗೆ ಕರ್ಚೀಫು ಹಿಡಿದು ನಗತೊಡಗಿದರು. ಮಾಲೀಕರು ಹೆಗಲ ಮೇಲೆ ಕೈಯಿಟ್ಟು, "ಮೇಷ್ಟ್ರೇ, ಸ್ವಲ್ಪ ದಿನ ಫಾರಂ ತುಂಬೋ ಕೆಲಸ ನೋಡ್ಕೊಳ್ಳಿ" ಎಂದರು. ಹಿಂದಿನ ಕೋಣೆ, ಒಂದು ಮೇಜು, ಗೋಡೆಗೆ ಮುಖ. ಅಲ್ಲಿ ಅವರು ಇಡೀ ದಿನ ಯಾವ ದನಿಯೂ ಇಲ್ಲದೆ ಕಳೆಯುತ್ತಿದ್ದರು.

ಮರುವರ್ಷ ಕತ್ತಿನ ಬದಿಯಲ್ಲಿ ಗಂಟು ಕಾಣಿಸಿತು. ನೋಡುವಷ್ಟರಲ್ಲಿ ಶ್ವಾಸಕೋಶಕ್ಕೆ ಹಬ್ಬಿತ್ತು.

ಅವರನ್ನು ಸೇರಿಸಿದ ವಾರ್ಡು ನೆಲಮಾಳಿಗೆಯಲ್ಲಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಮೇಷ್ಟ್ರಿಗೆ ಪೆನ್ನು ಹಿಡಿಯುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಬೂದು ಪರದೆಯ ಅಕ್ಷರಗಳನ್ನು ಮಗಳು ದೊಡ್ಡದು ಮಾಡಿಟ್ಟಿದ್ದಳು. ತೋರುಬೆರಳು ಇಟ್ಟರೆ ಸಾಕಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಮಂಚದ ಈಚೆ ನಿಂತು ಹೆಂಡತಿಗೆ ಹೇಳಿದರು, "ಇನ್ನೊಂದು ಸುತ್ತು ಔಷಧಿ ಕೊಟ್ಟು ನೋಡೋಣ ಅಮ್ಮ. ಕಷ್ಟ ಆಗುತ್ತೆ, ಆದ್ರೂ ನೋಡೋಣ." ಹೆಂಡತಿ ತಲೆಯಾಡಿಸಿದರು. ಮಂಚದ ಮೇಲಿದ್ದವರನ್ನು ಯಾರೂ ಕೇಳಲಿಲ್ಲ. ಡಾಕ್ಟರು ಪಕ್ಕದ ಮಂಚಕ್ಕೆ ಹೋದರು.

ಮೇಷ್ಟ್ರು ಒಂದೊಂದೇ ಅಕ್ಷರ ಒತ್ತಿದರು.

"ಡಾಕ್ಟ್ರೇ, ನನ್ನನ್ನ ಕೇಳಿ."

ವಾರ್ಡಿನಲ್ಲಿದ್ದವರೆಲ್ಲ ತಿರುಗಿದರು. ಡಾಕ್ಟರು ವಾಪಸು ಬಂದು, ಈ ಸಲ ಅವರ ಮುಖಕ್ಕೆ ಮುಖವಿಟ್ಟು ನಿಂತರು. ಮತ್ತೆ ಬೆರಳು ಓಡುವವರೆಗೆ ಎಲ್ಲರೂ ಕಾದರು.

"ಸಾಕು. ಮನೆಗೆ ಹೋಗ್ತೀನಿ."

ಆ ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಡಾಕ್ಟರು ಹೆಂಡತಿಯ ಕಡೆ ನೋಡಿದರು. ಆಕೆ ಗಂಡನನ್ನು ನೋಡದೆ ಫೋನನ್ನೇ ನೋಡುತ್ತಾ ಕೇಳಿದರು, "ನೋವು ಬಂದ್ರೆ ಏನ್ಮಾಡ್ತೀರಿ?"

"ನೀನಿರ್ತೀಯಲ್ಲ" ಎಂದಿತು ಫೋನು.

"ಇರ್ತೀನಿ" ಎಂದರು ಆಕೆ. ಸೆರಗಿನಿಂದ ಮುಖ ಒರೆಸಿಕೊಂಡು ಮಂಚದ ಕೆಳಗಿನ ಚೀಲ ಎಳೆದು ಬಟ್ಟೆ ತುಂಬತೊಡಗಿದರು.

ಮನೆಯಲ್ಲಿ ಅವರು ಹತ್ತೊಂಬತ್ತು ದಿನ ಇದ್ದರು. ಕೊನೆಯ ನಾಲ್ಕು ದಿನ ಬೆರಳೂ ಏಳಲಿಲ್ಲ. ಒಂದು ಗುರುವಾರ ಬೆಳಿಗ್ಗೆ, ಮೈ ಒರೆಸಲೆಂದು ಹೆಂಡತಿ ಬಿಸಿನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಎರಡು ತಿಂಗಳ ಮೇಲೆ, ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಆಕೆ ಮಗಳಿಗೆ ಹೇಳಿದರು, "ನಿಮ್ಮಪ್ಪ ನೆನಪಾದ್ರೆ ಕಿವೀಲಿ ಕೇಳೋದು ಆ ಮೆಷಿನ್ ದನಿನೇ ಕಣೇ. ಆ 'ಬ್ರೇಕ್, ಬ್ರೇಕ್' ಹಾಕಿ ಕೇಳಿದೆ, ಅದು ಬರೀ ಕೂಗು. ಅವರು ಮಾತಾಡ್ತಿದ್ದದ್ದು ಹೇಗಿತ್ತು ಅಂತ ಎಷ್ಟು ನೆನೆಸ್ಕೊಂಡ್ರೂ ಬರ್ತಿಲ್ಲ."

ಮಗಳು ಕೈಯಲ್ಲಿದ್ದ ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದಳು.

"ನಂಗೂ ಬರ್ತಿಲ್ಲಮ್ಮ" ಎಂದಳು.