ಮಿಕ್ಸಿಂಗ್ ಭಾಯ್ ಅವಸರಪಟ್ಟ ದಿನ

ಮೊನ್ನೆ ಚಿಂತಾಮಣಿಯಲ್ಲಿ ಕಂಪ್ಯೂಟರ್ ರಿಪೇರಿಯವನು ನಾನು ಒಯ್ದ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಸ್ವಿಚ್ ಹಾಕಿದ. ಫ್ಯಾನು ಮೊದಲು ನರಳಿತು, ಆಮೇಲೆ ತಿರುಗಿತು. ಒಳಗಿನ ಧೂಳು ಕಾದು ವಾಸನೆ ಎದ್ದಿತು. ಬರೀ ಧೂಳಿನದಲ್ಲ, ಅದರಲ್ಲಿ ಬೆಂದ ರೇಷ್ಮೆಗೂಡಿನ ಗಬ್ಬೂ ಸೇರಿತ್ತು. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರ್ ಗಲ್ಲಿಯ ಗಾಳಿಯನ್ನು ವರ್ಷಗಟ್ಟಲೆ ಎಳೆದುಕೊಂಡ ಕಂಪ್ಯೂಟರು ಅದು. "ಏನಣ್ಣ, ಹುಳ ಸತ್ತಂಗೆ ನಾರ್ತದೆ" ಎಂದು ಅವನು ಮೂಗು ಮುಚ್ಚಿಕೊಂಡ. ನಾನು ಇನ್ನಷ್ಟು ಹತ್ತಿರ ಬಗ್ಗಿದೆ. ಮಿಕ್ಸಿಂಗ್ ಭಾಯ್ ಅವರ ಕೋಣೆ ಹಾಗೇ ಕಣ್ಣೆದುರು ಬಂತು…

ನಾನು ಮದುವೆ ವಿಡಿಯೋ ತೆಗೆಯುವವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಚರಕದ ಮುಂದೆ ಕೂತು, ಸುಡುವ ನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕಿದವನು. ಆ ದುಡಿಮೆಯಲ್ಲೇ ಕ್ಯಾಮೆರಾ ಕೊಂಡೆ. ಯಾರ ಹಂಗಿನಲ್ಲೂ ಮೇಲೆ ಬಂದವನಲ್ಲ, ಇದನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆದರೆ ನಾನು ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ನೋಡುವ ಹಾಗೆ ಮಾಡುತ್ತಿದ್ದವರು ಭಾಯ್. ಆ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ.

ಮಿಕ್ಸಿಂಗ್ ಮುಗಿದ ಮೇಲೆ ಇಡೀ ಮದುವೆಯನ್ನು ಒಂದು ಪೆನ್‌ಡ್ರೈವಿಗೆ ಹಿಡಿಯುವಷ್ಟು ಕುಗ್ಗಿಸಬೇಕು. ಅದಕ್ಕೆ ಎರಡು ದಾರಿ. ಗ್ರಾಫಿಕ್ಸ್ ಕಾರ್ಡಿನಲ್ಲಿ ಅದಕ್ಕೆಂದೇ ಕೂರಿಸಿದ ಚಿಪ್ಪಿಗೆ ಕೊಟ್ಟರೆ, ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತಿತ್ತು. ಅದು ಹಾರ್ಡ್‌ವೇರಿನ ದಾರಿ. ಪ್ರೊಸೆಸರಿಗೆ ಬಿಟ್ಟು ಸಾಫ್ಟ್‌ವೇರಿನಲ್ಲಿ ಮಾಡಿಸಿದರೆ ಬೆಳಗ್ಗೆ ಹಾಕಿದ್ದು ಸಂಜೆಗೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಬಿಸಿಲಲ್ಲಿ ತೆಗೆದದ್ದಕ್ಕೆ ಎರಡರಲ್ಲೂ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಮಬ್ಬು ಬೆಳಕು, ಹೋಮದ ಹೊಗೆ, ಅಲುಗಾಡುವ ಕೈ ಬಂದರೆ ಮಾತ್ರ ಆಗಿನ ಕಾರ್ಡುಗಳು ಚಿತ್ರವನ್ನು ಚೌಕ ಚೌಕ ಮಾಡಿಬಿಡುತ್ತಿದ್ದವು. ಭಾಯ್ ಅದನ್ನು ಸಹಿಸುತ್ತಿರಲಿಲ್ಲ.

"ಚಿಪ್ಪಿಗೆ ಒಂದೇ ಅಚ್ಚು ಕಣಪ್ಪ. ಬಂದಿದ್ದನ್ನೆಲ್ಲ ಅದರಲ್ಲೇ ಒತ್ತಿ ಕಳಿಸ್ತದೆ. ಪ್ರೊಸೆಸರ್ರು ಹಂಗಲ್ಲ, ಹಿಂದೆ ಮುಂದೆ ನೋಡ್ತದೆ. ಎಲ್ಲಿ ಉಳಿಸ್ಬೇಕು, ಎಲ್ಲಿ ಬಿಡ್ಬೇಕು ಅಂತ ಹುಡುಕ್ತದೆ. ಎಳೆ ಹುಡುಕಿದೋನು ನೀನು, ನಿನಗೂ ಹೇಳ್ಬೇಕಾ?"

ನನಗೆ ಹೇಳಬೇಕಿರಲಿಲ್ಲ. ಬೇರೆಯವರಿಗೆ ಅದು ತಮಾಷೆ. ಚಿಕ್ಕಬಳ್ಳಾಪುರದ ಫೋಟೋದವರೆಲ್ಲ, ಭಾಯ್ ಹತ್ತಿರ ಕೊಟ್ಟರೆ ಮಗುವಿನ ನಾಮಕರಣದ ಹೊತ್ತಿಗೆ ಅಪ್ಪ-ಅಮ್ಮನ ಮದುವೆ ವಿಡಿಯೋ ಸಿಗುತ್ತದೆ ಎಂದು ಆಡಿಕೊಳ್ಳುತ್ತಿದ್ದರು. ಭಾಯ್ ಕೂಡ ಕೇಳಿ ನಗುತ್ತಿದ್ದರು, ದಾರಿ ಮಾತ್ರ ಬದಲಿಸಲಿಲ್ಲ. ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವ ಹಾಗೂ ಇರಲಿಲ್ಲ.

ರೆಂಡರ್, ಅಂದರೆ ಆ ಕುಗ್ಗಿಸುವ ಕೆಲಸ, ಹಾಕಿ ಕಾಯುತ್ತ ಕೂತಾಗ ಒಳಮನೆಯ ಪರದೆ ಸ್ವಲ್ಪ ಸರಿದು ಟೀ ಲೋಟ ಹಿಡಿದ ಒಂದು ಕೈ ಬರುತ್ತಿತ್ತು. ಕೈ ತುಂಬ ಹಸಿರು ಗಾಜಿನ ಬಳೆ. ಭಾಯ್ ಅವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಗೌರಿಬಿದನೂರಿನ ಬಳೆ ವ್ಯಾಪಾರದವರ ಮನೆಯ ಮಗಳು. ಎಷ್ಟು ವರ್ಷ ಆ ಮನೆಗೆ ಹೋಗಿ ಬಂದರೂ ನಾನು ಕಂಡದ್ದು ಆ ಕೈ ಮಾತ್ರ, ಕೇಳಿದ್ದು "ಸಕ್ಕರೆ ಸಾಕಾ ನೋಡಪ್ಪ" ಅನ್ನುವ ದನಿ ಮಾತ್ರ. ಫೋಟೋ ಎಂದರೆ ಅಕ್ಕನಿಗೆ ಆಗುತ್ತಿರಲಿಲ್ಲ. ಆಧಾರ್ ಕಾರ್ಡಿಗೊಂದು ತೆಗೆಸಿದ್ದರು ಅಷ್ಟೆ. ಅದರಲ್ಲಿರುವುದು ನನ್ನ ಹೆಂಡತಿಯಲ್ಲ, ಯಾರೋ ಕಳ್ಳಿ ಎಂದು ಭಾಯ್ ಛೇಡಿಸುತ್ತಿದ್ದರು.

ಅವರ ಪಕ್ಕದ ಮನೆಯ, ರೇಷ್ಮೆ ನೂಲು ತೆಗೆಸುವ ರೀಲರ್ ಮಗಳಿಗೆ ಮದುವೆ ಗೊತ್ತಾಯಿತು. ಅಕ್ಕನ ಮಡಿಲಲ್ಲೇ ಆಡಿ ಬೆಳೆದ ಹುಡುಗಿ. ಬಳೆ ಶಾಸ್ತ್ರದಲ್ಲಿ ತನಗೆ ಅಕ್ಕನೇ ಬಳೆ ತೊಡಿಸಬೇಕು, ಇಲ್ಲದಿದ್ದರೆ ಕೈಯೇ ನೀಡುವುದಿಲ್ಲ ಎಂದು ಹಟ ಹಿಡಿದಳು. ಅಕ್ಕ ಬಂದರು. ಹೊಂಗೆ ಸೊಪ್ಪಿನ ಚಪ್ಪರ, ಮೋಡದ ಮಧ್ಯಾಹ್ನ, ಕರೆಂಟಿಲ್ಲ. ನನ್ನ ಲೈಟು ಉರಿಯಲಿಲ್ಲ. ಇದ್ದ ಮಬ್ಬಿನಲ್ಲೇ ತೆಗೆದೆ.

"ನನ್ನ ಮುಖ ಬೇಡಪ್ಪ, ಬಳೆ ಮಾತ್ರ ತೋರ್ಸು" ಎಂದರು ಅಕ್ಕ. ಮದುಮಗಳ ಅಜ್ಜಿ "ಸಿಗ್ಗೆಂದುಕಮ್ಮಾ", ನಾಚಿಕೆ ಯಾಕಮ್ಮ, ಎಂದು ತೆಲುಗಿನಲ್ಲೇ ರೇಗಿಸಿದರು. ಅಷ್ಟರಲ್ಲಿ ಒಂದು ಬಳೆ ಹುಡುಗಿಯ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಹುಡುಗಿ ಕೂಗಿಕೊಂಡಳು. ಅಕ್ಕ ತಲೆ ಎತ್ತಿ ನಕ್ಕುಬಿಟ್ಟರು. ಸೆರಗು ಜಾರಿದ್ದೂ ಗೊತ್ತಿಲ್ಲ. ಒಂದು ಗಳಿಗೆ, ಅಷ್ಟೆ.

ಮಿಕ್ಸಿಂಗಿನಲ್ಲಿ ಆ ತುಣುಕು ಬಂದಾಗ ಭಾಯ್ ಕೈ ನಿಂತಿತು. ಹಿಂದೆ ಹೋಗಿ ಮತ್ತೆ ನೋಡಿದರು. ಬೇಡವೆಂದರೆ ತೆಗೆದುಬಿಡಿ ಎಂದೆ. "ಇರ್ಲಿ ಬಿಡು. ನನ್ನ ಮುಂದೆ ಇವಳು ಯಾವತ್ತೂ ಹಿಂಗೆ ನಕ್ಕಿಲ್ಲ" ಎಂದರು.

ಪೆನ್‌ಡ್ರೈವ್ ಕೊಡಬೇಕಾದ ದಿನ ಅಕ್ಕ ತವರಿಗೆ ಹೋಗಿದ್ದರು. ರೆಂಡರ್ ಅರ್ಧ ದಾರಿಗೆ ಬಂದಿತ್ತು, ಸಾಫ್ಟ್‌ವೇರಿನಲ್ಲೇ. ಸಂಜೆ ಬೀಗರ ಮನೆಯಲ್ಲಿ ಎಲ್ಲರೂ ಕೂತು ನೋಡುತ್ತಾರೆಂದು ಹುಡುಗಿಯ ತಂದೆ ಬಾಗಿಲಲ್ಲೇ ಕಾಯುತ್ತಿದ್ದರು. ಆಗ ಗೌರಿಬಿದನೂರಿನಿಂದ ಫೋನು ಬಂತು. ಅಕ್ಕ ಎಚ್ಚರ ತಪ್ಪಿ ಬಿದ್ದಿದ್ದಾರೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬನ್ನಿ.

ನೀವು ಹೊರಡಿ, ನಾನು ನೋಡಿಕೊಳ್ಳುತ್ತೇನೆ ಎಂದೆ. ಹುಡುಗಿಯ ತಂದೆಯೂ ವಿಡಿಯೋ ನಾಳೆಯಾದರೂ ಆಗಲಿ, ಹೋಗಿ ಎಂದರು. ಭಾಯ್‌ಗೆ ಏನೂ ಕೇಳಿಸುತ್ತಿರಲಿಲ್ಲ. ಮಾತು ಕೊಟ್ಟಿದ್ದೇನೆ ಎಂದಷ್ಟೇ ಹೇಳುತ್ತಿದ್ದರು. ನಡೆಯುತ್ತಿದ್ದ ರೆಂಡರನ್ನು ನಿಲ್ಲಿಸಿ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದರು. ಅವರು ಅಂಗಿ ಬದಲಿಸಿ ಬರುವಷ್ಟರಲ್ಲಿ ಮುಗಿದಿತ್ತು. ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಪಾರ್ಟಿ ಕೈಗೆ ಹೋದ ಮೇಲೆ ಹಳೆಯದನ್ನು ಅಳಿಸಿ, ಮುಂದಿನ ಮದುವೆಯನ್ನು ತುಂಬುವುದು ಅವರ ಕೈಗೆ ಅಂಟಿದ ರೂಢಿ. ಚಪ್ಪಲಿ ಮೆಟ್ಟುತ್ತಲೇ ಅದನ್ನೂ ಮಾಡಿದರು. ಅಳಿಸಿದರು, ನಾನು ತಂದಿದ್ದ ಮೇಲೂರಿನ ಮದುವೆಯನ್ನು ಡಿಸ್ಕಿಗೆ ಹಾಕಿದರು, ಬಸ್‌ಸ್ಟ್ಯಾಂಡಿಗೆ ಓಡಿದರು. ನನ್ನ ಕ್ಯಾಮೆರಾದ ಕಾರ್ಡಂತೂ ಆ ಮೇಲೂರಿಗೆಂದೇ ಮೊದಲೇ ಖಾಲಿಯಾಗಿತ್ತು. ಸೀಸನ್ನಿನಲ್ಲಿ ಎಲ್ಲರೂ ಮಾಡುವುದೇ ಹಾಗೆ.

ಭಾಯ್ ಹೋಗಿ ಮುಟ್ಟುವ ಹೊತ್ತಿಗೆ ಅಕ್ಕನಿಗೆ ಮಾತು ನಿಂತಿತ್ತು. ಆಮೇಲೆ ಮತ್ತೆ ಬರಲಿಲ್ಲ…

ಅಕ್ಕ ತೀರಿಕೊಂಡ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಭಾಯ್ ನಮ್ಮ ಮನೆಗೇ ಬಂದರು. ಆ ತುಣುಕು ನೋಡಬೇಕು ಎಂದರು. ಹುಡುಗಿಯ ಮನೆಯಿಂದ ಪೆನ್‌ಡ್ರೈವ್ ಇಸಿದುಕೊಂಡು ಬಂದು ಅವರ ಕೋಣೆಯಲ್ಲೇ ಹಾಕಿದೆವು. ಮುಂದಿದ್ದ ಕೈಗಳು, ಬಳೆಗಳು ಹೇಗೋ ಉಳಿದಿದ್ದವು. ಅಕ್ಕ ತಲೆ ಎತ್ತುತ್ತಾರೆ… ಮುಖವಿಲ್ಲ. ಚಪ್ಪರದ ಮಬ್ಬಿನ ಜೊತೆ ಕಲೆಸಿಹೋದ ಕಂದು ಚೌಕಗಳು. ಚೌಕಗಳೇ ಅಲುಗುತ್ತವೆ. ನಗು ಅಲ್ಲೇ ಎಲ್ಲೋ ಇತ್ತು.

ಆಮೇಲೆ ನಾವು ಸುತ್ತದ ಅಂಗಡಿಯಿಲ್ಲ. ಅಳಿಸಿದ್ದನ್ನು ತೆಗೆದುಕೊಡುತ್ತೇವೆ ಎಂದವರ ಹತ್ತಿರವೆಲ್ಲ ಭಾಯ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಮಗುವನ್ನು ಒಯ್ಯುವ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತು ಬರುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ಒಂದು ಫೈಲು ತೆರೆದುಕೊಂಡಿತು. ಚಪ್ಪರದ ಸೊಪ್ಪು ಕಂಡಿತು, ಭಾಯ್ ನನ್ನ ತೋಳು ಹಿಡಿದರು. ಕೆಳಗೆಲ್ಲ ಬರೀ ಹಸಿರು ಪಟ್ಟಿ. ಆ ಜಾಗದಲ್ಲಿ ಮೇಲೂರಿನ ಮದುವೆ ಕೂತಿತ್ತು.

ಇನ್ನೊಬ್ಬ, ಕಾಣದ ಮುಖವನ್ನು ಕಾಣಿಸುವ ಹೊಸ ಸಾಫ್ಟ್‌ವೇರ್ ಬಂದಿದೆ ಎಂದ. ನಿಜಕ್ಕೂ ಮುಖ ಬಂತು. ಕಣ್ಣು, ಮೂಗು, ಸಾಲು ಹಲ್ಲು, ಎಲ್ಲ ಚೊಕ್ಕ. ಭಾಯ್ ಬಹಳ ಹೊತ್ತು ನೋಡಿದರು.

"ಚೆನ್ನಾಗವ್ಳೆ. ಆದ್ರೆ ಇದು ಯಾರೋ ಬೇರೆಯೋಳು ಕಣಪ್ಪ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೇಳಿದರು. "ನೀನು ಕಣ್ಣಾರೆ ನೋಡಿದೀಯಲ್ಲ. ಹೇಳು, ಹೆಂಗೆ ನಕ್ಕಳು?"

ಗಂಡನೇ ತನ್ನ ಹೆಂಡತಿಯ ನಗುವನ್ನು ನನ್ನಲ್ಲಿ ಕೇಳುತ್ತಿದ್ದಾನೆ. ಆಗ ನಾನು ನೋಡುತ್ತಿದ್ದುದು ಬೆಳಕನ್ನು, ಫೋಕಸ್ಸನ್ನು. ಚೆನ್ನಾಗಿ ನಕ್ಕರು ಭಾಯ್ ಎಂದೆ. ಅದು ಮಾತೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಅವಳ ಹತ್ರ ಬೇಗ ಹೋಗ್ಬೇಕು ಅಂತಾನೇ ಬೇಗದ್ದಕ್ಕೆ ಹಾಕಿದ್ದು" ಎಂದರು. ತೊಡೆಯ ಮೇಲಿನ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿದರು.

ಆಮೇಲೆ ಅವರು ಬೇರೆ ಕೆಲಸ ಹಿಡಿಯಲಿಲ್ಲ. ನಾನು ಹೋದಾಗಲೆಲ್ಲ ಕಂಪ್ಯೂಟರು ಓಡುತ್ತಲೇ ಇರುತ್ತಿತ್ತು. ಅದೇ ತುಣುಕನ್ನು ಸಾಫ್ಟ್‌ವೇರಿನಲ್ಲಿ, ಅತಿ ನಿಧಾನದ ಲೆಕ್ಕದಲ್ಲಿ ಹಾಕಿ ಕಾಯುತ್ತಿದ್ದರು. ಬಂದದ್ದನ್ನೇ ಮತ್ತೆ ಹಾಕುತ್ತಿದ್ದರು. ಒಂದು ಸಲ ಹೋದದ್ದು ಯಾವ ದಾರಿಯಲ್ಲೂ ಹಿಂದಿರುಗದು, ಹಾಕಿದಷ್ಟೂ ಇನ್ನಷ್ಟು ಸವೆಯುತ್ತದೆ. ಇದನ್ನು ನನಗೆ ಕಲಿಸಿದವರೇ ಅವರು. ಬೇಡ ಭಾಯ್, ನಿಲ್ಲಿಸಿ ಎಂದರೆ "ಈ ಸಲ ಅವಸರ ಇಲ್ಲಪ್ಪ" ಎನ್ನುತ್ತಿದ್ದರು. ಪರದೆಯ ಆಚೆಯಿಂದ ಟೀ ಬರುತ್ತಿರಲಿಲ್ಲ. ಅವರೇ ಎದ್ದು ಮಾಡಿ, ಕುಡಿಯುವುದನ್ನು ಮರೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರೂ ಹೋದರು. ಅವರ ಭಾಮೈದ ಕರೆದು, ಈ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ನಿಮಗೆ ಬೇಕಾ ನೋಡಿ ಎಂದ. ತಲೆಯ ಮೇಲೆ ಹೊತ್ತು ತಂದೆ.

ಈಗ ನನ್ನ ಹೊಸ ಕಂಪ್ಯೂಟರಿನ ಚಿಪ್ಪು ಬಹಳ ಸುಧಾರಿಸಿದೆ. ಅವಸರದ್ದಕ್ಕೂ ನಿಧಾನದ್ದಕ್ಕೂ ವ್ಯತ್ಯಾಸ ಹೇಳು ಎಂದರೆ ನನ್ನ ಕಣ್ಣೇ ಸೋಲುತ್ತದೆ. ಇದನ್ನು ಭಾಯ್‌ಗೆ ತೋರಿಸಬೇಕಿತ್ತು ಅನಿಸುತ್ತದೆ. ತೋರಿಸಿದ್ದರೆ ಇನ್ನೂ ನೊಂದುಕೊಳ್ಳುತ್ತಿದ್ದರೋ ಏನೋ…

ರಿಪೇರಿಯವನು ಬೋರ್ಡು ಹೋಗಿದೆ, ಧೂಳು ಊದಿ ಡಿಸ್ಕಾದರೂ ತೆಗೆದುಕೊಡಲೇ ಎಂದ. ಅದರಲ್ಲಿರುವುದು ನನಗೆ ಗೊತ್ತು. ಸವೆದು ಸವೆದು ಕೊನೆಯ ಫೈಲಿನಲ್ಲಿ ಉಳಿದಿರುವುದು ಒಂದು ಹಸಿರು ಅಲುಗಾಟ ಮಾತ್ರ.

ಬೇಡಪ್ಪ, ಹಾಗೇ ತಗಡು ಮುಚ್ಚಿಬಿಡು ಎಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ಭಾಯ್ ಕೇಳಿದ್ದ ಆ ನಗುವನ್ನು ಇನ್ನೊಮ್ಮೆ ಹುಡುಕಿದೆ. ಚಪ್ಪರ ಬಂತು. ಅಜ್ಜಿಯ ತೆಲುಗು ಬಂತು. ಹುಡುಗಿ ಕೂಗಿದ್ದೂ ಬಂತು. ಅಕ್ಕ ತಲೆ ಎತ್ತಿದರು, ನನಗೆ ಕಂಡದ್ದು ಪರದೆಯಿಂದಾಚೆ ಚಾಚಿದ ಬಳೆಯ ಕೈ.