ಮೇಡಂ ಕತ್ತಿನ ಸಣ್ಣ ಗಂಟು

ಕಳೆದ ವಾರ ಮಂಡ್ಯದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಚಿಕ್ಕಮ್ಮನ ಹೊಟ್ಟೆಗೆ ಜೆಲ್ ಹಚ್ಚುವಾಗ ತಣ್ಣನೆಯ ಹನಿಯೊಂದು ನನ್ನ ಕೈಮೇಲೂ ಬಿತ್ತು. ತಕ್ಷಣ ನೆನಪಾದದ್ದು ನಮ್ಮ ಹೈಸ್ಕೂಲ್ ಮೇಡಂ ಅವರ ಕತ್ತು.

ಅವರ ಸಾವಿನ ಬಗ್ಗೆ ಮದ್ದೂರಿನಲ್ಲಿ ಓಡಾಡುವ ಕತೆ ಒಂದೇ: ಡಾಕ್ಟರ ಮಾತು ಬಿಟ್ಟು ದೇವರ ಹೂವನ್ನು ನಂಬಿದರು, ಹೋದರು. ಯಾವುದನ್ನೂ ಸುಲಭಕ್ಕೆ ನಂಬದ ನನ್ನ ಗೆಳೆಯರಿಗಂತೂ ಈ ಕತೆ ಬಹಳ ಇಷ್ಟ. ನನಗೆ ಒಪ್ಪಿಗೆಯಿಲ್ಲ. ಕತೆ ತೀರಾ ಅಚ್ಚುಕಟ್ಟಾಗಿದೆ. ನನ್ನ ಮೊದಲ ಅನುಮಾನವೇ ಅದು.

ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರು ಅವರು. ಪರವಾಗಿ ಮಾತಾಡಿ ಕೂತವಳನ್ನು ಎಬ್ಬಿಸಿ ಅದೇ ವಿಷಯಕ್ಕೆ ವಿರುದ್ಧವಾಗಿ ಮಾತಾಡಿಸುತ್ತಿದ್ದರು. ಮನೆಯಲ್ಲಿ ಅವರು ಮತ್ತು ಅವರ ಅಕ್ಕ, ಇಬ್ಬರೇ. ಮೇಡಂ ಕತ್ತಿನ ಬಲಕ್ಕೆ ನಿಂಬೆಹಣ್ಣಿನಷ್ಟು ಗಂಟು, ನೀರು ಕುಡಿದರೆ ಮೇಲೇರಿ ಕೆಳಗಿಳಿಯುವುದು... ಅದನ್ನು ನೋಡದ ಮಕ್ಕಳಿಲ್ಲ. ನಾನು ಮಂಡ್ಯದಲ್ಲಿ ಕಾಲೇಜಿಗೆ ಸೇರಿದ್ದರಿಂದ ಸ್ಕ್ಯಾನಿಂಗಿಗೆ ಜೊತೆಗೆ ಬಾ ಎಂದು ನನ್ನನ್ನೇ ಕರೆದರು.

ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನಿಂಬೆಹಣ್ಣಿನಂಥದ್ದರೊಳಗೆ ಬರೀ ನೀರು, ಹೆದರಬೇಕಾದ್ದಲ್ಲ. ಅದರ ಹಿಂದೆ, ಕೈಗೂ ಸಿಗದ ಹಾಗೆ, ದಪ್ಪ ಅವರೆಕಾಳಿನಷ್ಟು ಇನ್ನೊಂದು ಅಡಗಿತ್ತು. ಗಟ್ಟಿ, ಕಪ್ಪು. ಅಗಲಕ್ಕಿಂತ ಎತ್ತರ ಹೆಚ್ಚು. ಅಂಚು ಹರಿದ ಹಾಗೆ, ನಡುವೆ ಸಣ್ಣ ಬಿಳಿ ಚುಕ್ಕಿಗಳು. ಥೈರಾಯ್ಡ್ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಅನುಮಾನಪಡಬೇಕಾದ ಲಕ್ಷಣಗಳೆಲ್ಲ ಇದರಲ್ಲಿವೆ, ಗಾತ್ರ ನೋಡಿ ಮೋಸಹೋಗಬೇಡಿ, ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಿ ಎಂದರು. ಕ್ಯಾನ್ಸರೇ ಆಗಿದ್ದರೂ ಬೇಗ ಸಿಕ್ಕರೆ ಬಹುಪಾಲು ವಾಸಿಯಾಗುತ್ತದೆ ಎಂದೂ ಹೇಳಿದರು. ಮೇಡಂ ಮರುಪ್ರಶ್ನೆಗಳನ್ನೆಲ್ಲ ಕೇಳಿ, ಅರ್ಥಮಾಡಿಕೊಂಡೇ ತಲೆಯಾಡಿಸಿದರು.

ಅವರ ಮನೆತನದಲ್ಲಿ ಆಸ್ಪತ್ರೆಯ ದೊಡ್ಡ ಕೆಲಸ ಏನಿದ್ದರೂ ಮೊದಲು ಮಳವಳ್ಳಿ ಕಡೆಯ ಮನೆದೇವರ ಮುಂದೆ ಹೂ ಕೇಳಬೇಕು. ವಿಗ್ರಹಕ್ಕೆ ಏರಿಸಿದ ಹೂ ಬಲಕ್ಕೆ ಬಿದ್ದರೆ ಒಳ್ಳೆಯದು, ಎಡಕ್ಕೆ ಬಿದ್ದರೆ ಕೆಟ್ಟದ್ದು. ಮೇಡಂ ಹೋಗಲಿಲ್ಲ, ಅಕ್ಕನನ್ನು ಕಳಿಸಿದರು. ಹೂ ಬಲಕ್ಕೇ ಬಿತ್ತು. ಅವತ್ತು ಮನೆಯಲ್ಲಿ ಒಬ್ಬಟ್ಟು. ಸೂಜಿ ಪರೀಕ್ಷೆ ಯಾವಾಗ ಎಂದು ನಾನು ಬಾಗಿಲ ಮರೆಯಲ್ಲಿ ಕೇಳಿದಾಗ ಮೇಡಂ ನಕ್ಕರು.

“ವಾದ ಮುಗೀತು ಕಣೆ, ತೀರ್ಪೂ ಬಂದಾಯ್ತು. ಕೂತ್ಕೊಂಡು ಒಬ್ಬಟ್ಟು ತಿನ್ನು.”

ಎರಡು ವರ್ಷದೊಳಗೆ ದನಿ ಒಡೆಯಿತು. ಕತ್ತಿನ ಪಕ್ಕದಲ್ಲಿ ಹೊಸ ಗಂಟುಗಳು, ಆಮೇಲೆ ಶ್ವಾಸಕೋಶ... ಆಮೇಲಿನದು ಬೇಡ.

ಚಿಕ್ಕಮ್ಮನ ಸ್ಕ್ಯಾನಿಂಗ್ ಆದ ವಾರದ ಭಾನುವಾರವೇ ಮದ್ದೂರಿಗೆ ಹೋಗಿ ಅವರ ಅಕ್ಕನ ಎದುರು ಕೂತೆ. ದೇವರು ಸುಳ್ಳು ಹೇಳಿತಲ್ಲ ದೊಡ್ಡಮ್ಮ, ಎಂದೆ. ಜಗಳಕ್ಕೇ ಹೋಗಿದ್ದೆ. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ದ್ಯಾವ್ರು ಯಾಕ್ ಸುಳ್ಳೇಳ್ತದೆ? ಆ ದಪ್ಪ ಗಂಟಿಂದ ಏನೂ ಆಗಕಿಲ್ವಾ ಅಂತ ಕೇಳ್ದೆ. ಆಗಕಿಲ್ಲ ಅಂತು. ಆಯ್ತಾ ಏನಾರ? ಕಾಯ್ಲೆ ಬಂದಿದ್ದು ಬ್ಯಾರೆ ಕಡೆಯಿಂದ.”

“ಸಣ್ಣದನ್ನ ಯಾಕೆ ಕೇಳ್ಲಿಲ್ಲ?”

“ಸಣ್ಣದಾ?” ಕೈ ನಿಂತಿತು. “ಇನ್ನೊಂದಿತ್ತೇನಮ್ಮ? ನಂಗೆ ಅವಳು ಏಳಿದ್ದು ಒಂದೇಯ. ಇಂಗೇ ಕೇಳು, ಬ್ಯಾರೆ ಏನೂ ಕೇಳ್ಬ್ಯಾಡ ಅಂತ ಬಾಯಿಪಾಠ ಮಾಡ್ಸಿ ಕಳ್ಸಿದ್ಲು ಕಣಮ್ಮ.”

ದೂರಲು ದೇವರೂ ಸಿಗದ ಹಾಗಾಯಿತು. ದೊಡ್ಡ ಗಂಟಿನ ವಿಷಯದಲ್ಲಿ ಸ್ಕ್ಯಾನಿಂಗೂ ಹೂವೂ ಹೇಳಿದ್ದು ಒಂದೇ, ಎರಡೂ ಸರಿಯಾಗಿತ್ತು. ಆ ಮನೆಯಲ್ಲಿ ಸಣ್ಣದರ ವಿಷಯ ಗೊತ್ತಿದ್ದವರು ಮೇಡಂ ಒಬ್ಬರೇ. ಎದುರಾಳಿ ಏನನ್ನು ಕೇಳದೆ ಬಿಟ್ಟ ಎಂದು ನೋಡುವುದನ್ನು ನನಗೆ ಕಲಿಸಿದವರೂ ಅವರೇ...

ಈಗ ಅವರಿಲ್ಲ. ನನ್ನ ವಾದವನ್ನು ಮುರಿದು ಕೂರಿಸುವವರು ಈ ಊರಿನಲ್ಲಿ ಇನ್ಯಾರೂ ಇಲ್ಲ. ಆದರೂ ಕೇಳುತ್ತಿದ್ದೇನೆ. ಮೇಡಂ, ಸಣ್ಣ ಗಂಟನ್ನು ಕೇಳಿದ್ದರೆ ಹೂ ಯಾವ ಕಡೆ ಬಿದ್ದೀತೆಂದು ಹೆದರಿದ್ದಿರಿ?