ಸದ್ದಿಲ್ಲದ ಮನೆಗಳ ಅಳತೆ

ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಇಪ್ಪತ್ತು ವರ್ಷಗಳಿಂದ ನನ್ನ ಮುಖ್ಯ ಕೆಲಸ ಪುಸ್ತಕ ಕೊಡುವುದು ಎಂದು ಹೊರಗಿನವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ, ಹುಡುಗರ ಬಾಯಿ ಮುಚ್ಚಿಸುವುದೇ ನನ್ನ ಮುಖ್ಯ ಕೆಲಸ. ಕುರ್ಚಿ ಎಳೆದ ಸದ್ದಿಗೂ ನನಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ಒಗ್ಗರಣೆ ಚಟಪಟ ಎಂದರೂ ತಲೆ ಎತ್ತಿ ನೋಡುತ್ತೇನೆಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಕೆಲವು ವರ್ಷಗಳ ಹಿಂದೆ ನಮಗೊಂದು ಡಿಜಿಟಲ್ ಗ್ರಂಥಾಲಯ ಬಂತು. ಬಂತು ಎಂದರೆ ಫೈಲುಗಳನ್ನು ಕೂಡಿಡುವ ಒಂದು ಕಪ್ಪು ಪೆಟ್ಟಿಗೆ, ಎರಡು ಕಂಪ್ಯೂಟರು, ಒಂದು ಸ್ಕ್ಯಾನರು. ಹಳೆಯ ಪ್ರಶ್ನೆಪತ್ರಿಕೆ, ಕಾಲೇಜಿನ ವಾರ್ಷಿಕ ಸಂಚಿಕೆ, ಪ್ರಬಂಧಗಳು, ಕೋಗಳಿ ಬಸದಿಯ ಫೋಟೋಗಳು, ಎಲ್ಲವೂ ಆ ಪೆಟ್ಟಿಗೆಯೊಳಗೆ ಸೇರಿದವು. ಅಧ್ಯಾಪಕರು ತಂದುಕೊಡುವ ಫೈಲುಗಳ ಹೆಸರು ನೋಡಿದರೆ ಅಳು ಬರುತ್ತಿತ್ತು. ಒಂದು 'ಫೈನಲ್', ಅದರ ಕೆಳಗೆ 'ಫೈನಲ್ ಎರಡು', ಅದರ ಕೆಳಗೆ 'ಇದೇ ಫೈನಲ್'. ನಾನೊಂದು ನಿಯಮ ಮಾಡಿದೆ. ಏನು, ಎಲ್ಲಿಯದು, ಯಾವಾಗಿನದು, ಯಾರು ಮಾಡಿದ್ದು ಎಂದು ನಾಲ್ಕು ಸಾಲು ವಿವರಣೆ ಬರೆಯದೆ ಯಾವ ಫೈಲೂ ಒಳಗೆ ಹೋಗುವಂತಿಲ್ಲ. ಧ್ವನಿಮುದ್ರಣವಾದರೆ ನಾನೇ ಪೂರ್ತಿ ಕೇಳಿ ಬರೆಯಬೇಕು.

ನಮ್ಮಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯೊಬ್ಬಳಿದ್ದಳು. ಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆತನದವಳು. ಒಂದು ಕಾಲಕ್ಕೆ ನನ್ನ ಗ್ರಂಥಾಲಯದಲ್ಲೇ ಓದಿ ನನ್ನಿಂದ ಬೈಸಿಕೊಂಡವಳು. ರೈಲಿನ ಸದ್ದಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಅದು ಮುಗಿದರೆ ತನ್ನ ಹುದ್ದೆಯ ಹಿಂದಿನ 'ಅತಿಥಿ' ಅನ್ನುವ ಪದ ಹೋದೀತು ಎಂಬ ಆಸೆ ಆಕೆಗೆ. ಅತಿಥಿ ಅಂದರೆ ಊಟ ಹಾಕಿ ಕಳಿಸಿಬಿಡ್ತಾರ ಅಲ್ವೇನ್ರಿ ಸರ್, ಎಂದು ನಗುತ್ತಿದ್ದಳು.

ಆಕೆಯ ಕೆಲಸ ಕೇಳಲು ಸರಳ. ಹಳಿಯ ಪಕ್ಕದ ಮನೆಗಳಿಗೆ ಹೋಗಬೇಕು. ಗಾಡಿ ಇಲ್ಲದಾಗ ಮನೆಯೊಳಗೆ ಎಷ್ಟು ಸದ್ದಿರುತ್ತದೆ ಎಂದು ಮೊದಲು ಅಳೆಯಬೇಕು, ಆಮೇಲೆ ಗಾಡಿ ಹೋಗುವಾಗ ಅಳೆಯಬೇಕು. ಎರಡರ ನಡುವಿನ ಅಂತರವೇ ರೈಲಿನ ಪಾಲು. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೇರಿ ಹನ್ನೆರಡು ಮನೆ ಗೊತ್ತು ಮಾಡಿಕೊಂಡಿದ್ದಳು. ಅಳೆಯುವ ಯಂತ್ರ ಎರಡಿದ್ದವು, ಆಕೆ ಒಬ್ಬಳೇ. ಈ ಎಲ್ಲ ಊರುಗಳಲ್ಲೂ ಪರಿಚಯದವರಿರುವ ನಾನು ಜೊತೆಗೆ ಹೋದೆ. ಹೊರಗೆ ಹಳಿಯ ಹತ್ತಿರ ಆಕೆ, ಮನೆಯ ಒಳಗೆ ನಾನು. ಗುಂಡಿ ಒತ್ತಿ ಸುಮ್ಮನೆ ಕೂರಬೇಕು, ಅಷ್ಟೇ. ಯಂತ್ರ ಅಳೆಯುತ್ತಲೇ ಧ್ವನಿಮುದ್ರಣವನ್ನೂ ಮಾಡಿಕೊಳ್ಳುತ್ತಿತ್ತು.

ಎಲ್ಲಾ ಮನೆಯಲ್ಲೂ ಕಂಬಳಿ ಹಾಸಿ ಕೂರಿಸಿದರು, ಚಹಾ ಕೊಟ್ಟರು. ನಾವು ಹನ್ನೆರಡು ಮನೆಯನ್ನೂ ಒಂದೂವರೆ ತಿಂಗಳಲ್ಲಿ ಮುಗಿಸಿದೆವು. ಫಲಿತಾಂಶ ನೋಡಿ ಆಕೆಯ ಗೈಡ್ ಹಿಗ್ಗಿದರಂತೆ. ರೈಲು ಮನೆಯೊಳಗೆ ತರುವ ಸದ್ದು ಯಾರೂ ಎಣಿಸಿರದಷ್ಟು ಹೆಚ್ಚು ಬಂದಿತ್ತು. ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿದ್ದಾಗ ಆಕೆ ಧ್ವನಿಮುದ್ರಣಗಳನ್ನೆಲ್ಲ ತಂದು ನನ್ನ ಪೆಟ್ಟಿಗೆಗೆ ಒಪ್ಪಿಸಿದಳು.

ಮಧ್ಯಾಹ್ನದ ಹೊತ್ತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವಿವರಣೆ ಬರೆಯಲು ಕೂತೆ. ಮೊದಲನೆಯ ಮನೆ. ಪಾತ್ರೆಯ ಸದ್ದು, ಟಿವಿ, ಕುರಿಮರಿಯ ಕೂಗು. ಅದರ ಮೇಲೆ ಒಂದು ಗಂಡಸಿನ ದನಿ.

"ಶ್! ಸುಮ್ಕಿರ್ರಿ ಎಲ್ಲಾರು. ಆ ಟಿವಿ ಆರಿಸ್ರಿ. ಮರಿಗಳನ್ನ ಹಿತ್ತಲಿಗೆ ಹೊಡೀರಿ. ಅಳತಿ ನಡದೈತಿ, ಯಾರೂ ಉಸ್ರು ಬಿಡಬ್ಯಾಡ್ರಿ."

ನನ್ನದೇ ದನಿ. ಆಮೇಲೆ ಹತ್ತು ನಿಮಿಷ ಪರೀಕ್ಷಾ ಕೊಠಡಿಯ ಹಾಗೆ ಮೌನ. ಕೊನೆಗೆ ಗೂಡ್ಸ್ ಗಾಡಿ ಬಂದು ಆ ಮೌನವನ್ನು ಪುಡಿ ಮಾಡಿ ಹೋಗುತ್ತದೆ.

ಎರಡನೆಯದು ಹಾಕಿದೆ, ಐದನೆಯದು ಹಾಕಿದೆ, ಹನ್ನೊಂದನೆಯದು ಹಾಕಿದೆ. ಎಲ್ಲದರಲ್ಲೂ ಅದೇ ಶ್. ಒಂದು ಮನೆಯಲ್ಲಂತೂ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳನ್ನೂ ನಿಲ್ಲಿಸಿದ್ದೆ. ಮನೆಯವರಾದರೂ ನನ್ನನ್ನು ಬೈಯಬಾರದಿತ್ತೇ? ಓದಿದವರು ಬಂದಿದ್ದಾರೆಂದು ಒಲೆ ಆರಿಸಿ ಗೋಡೆಗೆ ಒರಗಿ ಕೂತಿದ್ದರು. ಮನೆಯ ನಿತ್ಯದ ಸದ್ದನ್ನು ಅಳೆಯಲು ಹೋಗಿ ನಾನು ಆ ಸದ್ದನ್ನೇ ಕೊಂದು ಬಂದಿದ್ದೆ. ರೈಲಿನ ಪಾಲು ಅಷ್ಟು ದೊಡ್ಡದಾಗಿ ಕಂಡದ್ದು ಅದಕ್ಕೇ. ಹೊರಗೆ ಹಳಿಯ ಬಳಿ ನಿಂತಿದ್ದ ಆಕೆಗೆ ಇದು ಗೊತ್ತಾಗುವುದಾದರೂ ಹೇಗೆ? ಆಕೆ ಅಂಕಿಗಳನ್ನು ನೋಡಿದ್ದಳು, ಧ್ವನಿಮುದ್ರಣವನ್ನು ಕೂತು ಕೇಳಿರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅದೇ ವಾರ ಪೆಟ್ಟಿಗೆಯಲ್ಲಿ ಜಾಗ ಸಾಲದೆ ತೆಗೆದುಹಾಕಬೇಕಾದ ಫೈಲುಗಳ ಪಟ್ಟಿ ಮಾಡುತ್ತಿದ್ದೆ. ಎಲ್ಲಕ್ಕಿಂತ ಭಾರದ ಫೈಲುಗಳು ಇವೇ. ಪಟ್ಟಿಗೆ ಸೇರಿಸಿದ್ದರೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಪ್ರಬಂಧ ಪಾಸಾಗುತ್ತಿತ್ತು, ಆಕೆಗೆ ಕೆಲಸ ಸಿಗುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಎರಡು ದಿನ ಆ ಪಟ್ಟಿಯನ್ನು ತೆರೆಯುವುದು, ಮುಚ್ಚುವುದು ಇದೇ ಆಯಿತು. ಬೇರೆಯವರ 'ಇದೇ ಫೈನಲ್' ನೋಡಿ ನಿಯಮ ಮಾಡಿದ ಮನುಷ್ಯ ನಾನು. ಮೂರನೆಯ ದಿನ ಪ್ರಯೋಗಾಲಯಕ್ಕೆ ಹೋಗಿ ಆಕೆಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

"ಎಷ್ಟು ಮನ್ಯಾಗ್ರಿ ಸರ್?" ಎಂದಳು.

"ಎಲ್ಲಾ ಮನ್ಯಾಗವ್ವ."

ಆಕೆ ಮೇಜಿನ ಮೇಲಿದ್ದ ತಂತಿಯೊಂದನ್ನು ಸುತ್ತಿದಳು, ಬಿಚ್ಚಿದಳು. ಕಣ್ಣು ತುಂಬಿದ್ದವು.

"ಅವ್ರ ಮನಿನೂ ಲೈಬ್ರರಿ ಅಂತ ತಿಳ್ಕಂಡ್ರೇನ್ರಿ?"

ಅಂಥ ಬೈಗುಳವನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಆಕೆಯೇ ಮುಖ ಒರೆಸಿಕೊಂಡು ಹೇಳಿದಳು. "ಗೈಡ್ ಸರ್‌ಗೆ ನಾನ ಹೇಳ್ತೀನ್ರಿ. ಗಡುವು ಮುಂದಕ್ಕ ಹಾಕಿಸ್ಕಂಡು ಮತ್ತ ಅಳೀತೀನಿ. ಹಳೇ ಫೈಲ್ ಅಳಿಸಬ್ಯಾಡ್ರಿ, ಯಾಕ ಕೆಟ್ಟವು ಅಂತ ಬರ್ದು ಇಟ್ಟಿರ್ರಿ. ಮತ್ತ ಇನ್ನೊಂದು ಮಾತು. ಈ ಸಲ ನೀವು ಬರಬ್ಯಾಡ್ರಿ."

ಸರಿಯಾದ ಮಾತು. ಆದರೂ ನೋವಾಯಿತು. ಆ ಹನ್ನೆರಡು ಫೈಲುಗಳ ವಿವರಣೆಯಲ್ಲಿ 'ಜೊತೆಗಿದ್ದ ಗ್ರಂಥಪಾಲಕರು ಮನೆಯವರನ್ನು ಸುಮ್ಮನಿರಿಸಿದ್ದರಿಂದ ಈ ಅಳತೆ ಬಳಕೆಗೆ ಬಾರದು' ಎಂದು ಹನ್ನೆರಡು ಸಲ ನನ್ನ ಕೈಯಾರೆ ಬರೆದೆ. ಒಮ್ಮೆ ಬರೆದು ಉಳಿದವಕ್ಕೆ ನಕಲು ಹಾಕಬಹುದಿತ್ತು. ಬೇಕೆಂದೇ ಹಾಕಲಿಲ್ಲ.

ಆಕೆ ತಂಗಿಯನ್ನು ಕರೆದುಕೊಂಡು ಮತ್ತೆ ಎಲ್ಲಾ ಮನೆ ತಿರುಗಿದಳು. ತಂಗಿ ಹಳಿಯ ಹತ್ತಿರ, ತಾನು ಮನೆಯ ಒಳಗೆ. ಈ ಸಲದ ಫಲಿತಾಂಶದಲ್ಲಿ ಅಬ್ಬರ ಇರಲಿಲ್ಲ. ಪ್ಯಾಸೆಂಜರ್ ಗಾಡಿ ಹೋದಾಗ ಟಿವಿ, ಮಿಕ್ಸರಿನ ನಡುವೆ ಅದು ಹೋದದ್ದೇ ತಿಳಿಯದ ಮನೆಗಳಿದ್ದವು. ಗೂಡ್ಸ್ ಗಾಡಿ ಮಾತ್ರ ತೀರಾ ಹತ್ತಿರದ ಮನೆಗಳಲ್ಲಿ ಎದ್ದು ಕೇಳುತ್ತಿತ್ತು. ಗೈಡ್ ಮೊದಲಿನಷ್ಟು ಹಿಗ್ಗಲಿಲ್ಲವಂತೆ. ಪ್ರಬಂಧವನ್ನೇನೋ ಒಪ್ಪಿಕೊಂಡರು, ಆದರೆ ಆಕೆ ಈಗಲೂ ಅತಿಥಿಯಾಗಿಯೇ ಇದ್ದಾಳೆ.

ಹೊಸ ಧ್ವನಿಮುದ್ರಣಗಳು ನನ್ನ ಬಳಿಗೆ ಬಂದವು. ಮತ್ತೆ ಕೇಳಲು ಕೂತೆ. ಹಗರಿಬೊಮ್ಮನಹಳ್ಳಿಯ ಹಳಿ ಪಕ್ಕದ ಮನೆ. ಕುರಿಮರಿಗಳು ಗದ್ದಲ ಎಬ್ಬಿಸಿದ್ದವು. ಆ ಮನೆಯ ಮುದುಕಿ ಎತ್ತರದ ದನಿಯಲ್ಲಿ ನಮ್ಮ ಉಪನ್ಯಾಸಕಿಯ ಜೊತೆ ಮಾತಾಡುತ್ತಿದ್ದಳು.

"ಹೋದ ಸಲ ಬಂದಿದ್ರಲ್ಲ, ಆ ಸರ್ ಬರ್ಲಿಲ್ಲೇನವ್ವ? ಅವ್ರನ್ನ ಒಂದು ಮಾತು ಕೇಳಬೇಕಿತ್ತು. ನನಗ ಎಡಗಿವಿ ಕೇಳಂಗಿಲ್ಲ. ಈ ಗಾಡಿ ಸಪ್ಪಳಕ್ಕ ಹೋಗೈತೋ, ವಯಸ್ಸಿಗೆ ಹೋಗೈತೋ ಅಂತ ಕೇಳಾಕ ಬಾಯಿ ತೆರದ್ನಿ. ಅವ್ರು ಬಾಯಿಮ್ಯಾಲ ಬೆರಳಿಟ್ಟು ಸುಮ್ನಿರು ಅಂದ್ರು. ಏನೋ ದೊಡ್ಡ ಕೆಲಸ ನಡದೈತಿ ಅಂತ ಸುಮ್ನಾದ್ನಿ."

ಹೆಡ್‌ಫೋನ್ ತೆಗೆದಿಟ್ಟೆ. ನಾನು ಕೆಡಿಸಿದ್ದು ಅಳತೆಯನ್ನಷ್ಟೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ರೈಲಿನ ಸದ್ದು ಮನುಷ್ಯರಿಗೆ ಏನು ಮಾಡುತ್ತದೆ ಎಂದು ತಿಳಿಯಲು ಹನ್ನೆರಡು ಮನೆ ತಿರುಗಿದ್ದೆವು. ಅದನ್ನೇ ಕೇಳಲು ಬಂದವಳ ಬಾಯನ್ನು ಮುಚ್ಚಿಸಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಮುದುಕಿ ಗುರುತು ಹಿಡಿದು ಕಂಬಳಿ ಹಾಸಿದಳು. ನಾನು ಆಕೆಯ ಬಲಗಡೆಗೆ ಸರಿದು ಕೂತೆ.

"ಅವತ್ತು ಏನೋ ಕೇಳಬೇಕಂತಿದ್ರಂತ. ಹೇಳ್ರೆಮ್ಮ."

ಆಕೆ ಮೊದಲು ನನ್ನ ಕೈಗಳನ್ನು ನೋಡಿದಳು, ಆಮೇಲೆ ಕಂಬಳಿಯ ಮೇಲೆ ಎಲ್ಲಾದರೂ ಯಂತ್ರ ಇಟ್ಟಿದ್ದೇನೆಯೇ ಎಂದು ಸುತ್ತ ನೋಡಿದಳು. ಕೊನೆಗೆ ದನಿ ತಗ್ಗಿಸಿ ಕೇಳಿದಳು.

"ಈಗ ಮಾತಾಡಬೋದೇನ್ರಿ?"